ಮೆಲ್ಬರ್ನ್‌ನಲ್ಲಿ ಸೈಕಲ್: ಹೆಲ್ಮೆಟ್, ಟ್ರಾಮ್ ಹಳಿ, ಬಲ ತಿರುವು

ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ 1990ರ ಜುಲೈ 1ರಿಂದ ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ. ಹಿಂದಿನ ಸೀಟಿನಲ್ಲಿ ಕೂತ ಪುಟ್ಟ ಮಗುವಿಗೂ ಬೇಕು. ಊರಿನಿಂದ ತಂದ ಹೆಲ್ಮೆಟ್ ಆದರೆ ಒಳಗೆ ‘ಎಎಸ್/ಎನ್‌ಜಡ್‌ಎಸ್ 2063’ ಎಂಬ, ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಸುರಕ್ಷತಾ ಮಾನದಂಡದ ಚೀಟಿ ಇದೆಯೇ ನೋಡಿ. ಇಲ್ಲದಿದ್ದರೆ ಇಲ್ಲೇ ಹೊಸದು ಕೊಳ್ಳಿ. ಸೆಕೆಂಡ್ ಹ್ಯಾಂಡ್ ಸೈಕಲ್ ತಗೊಳ್ಳಿ, ಸೆಕೆಂಡ್ ಹ್ಯಾಂಡ್ ಹೆಲ್ಮೆಟ್ ಮಾತ್ರ ಬೇಡ. ಒಳಗಿನ ಥರ್ಮೋಕೋಲ್‌ನಂಥ ಪದರ ಒಂದು ಏಟಿಗೆ ಕುಗ್ಗಿ ತಲೆ ಉಳಿಸುತ್ತದೆ. ಒಮ್ಮೆ ಕುಗ್ಗಿದ್ದು ಮತ್ತೆ ಉಬ್ಬುವುದಿಲ್ಲ, ಹೊರಗಿನಿಂದ ಕಾಣುವುದೂ ಇಲ್ಲ.

‘ಬೆಳೆಯೋ ಮಗು, ಒಂದು ಸೈಜ್ ದೊಡ್ಡದೇ ಇರಲಿ’ ಅನ್ನೋ ಲೆಕ್ಕ ಯೂನಿಫಾರ್ಮಿಗೆ ಸರಿ, ಹೆಲ್ಮೆಟ್ಟಿಗಲ್ಲ. ಹುಬ್ಬಿನ ಮೇಲೆ ಟೇಪು ಸುತ್ತಿ ಅಳೆದು, ಪೆಟ್ಟಿಗೆಯ ಮೇಲಿನ ಸೆಂಟಿಮೀಟರ್ ಅಳತೆಗೆ ಹೊಂದಿಸಿ. ಹಾಕಿದಾಗ ಅಂಚು ಹುಬ್ಬಿನಿಂದ ಎರಡು ಬೆರಳಷ್ಟೇ ಮೇಲಿರಬೇಕು. ಹಿಂದಿನ ತಿರುಗಣೆ ಬಿಗಿ ಮಾಡಿ. ಎರಡು ಪಟ್ಟಿಗಳು ಕಿವಿಯ ಕೆಳಗೆ ಕೂಡಬೇಕು; ಗದ್ದದ ಪಟ್ಟಿಯೊಳಗೆ ಒಂದೆರಡು ಬೆರಳು ತೂರಿದರೆ ಸಾಕು. ಈಗ ಅಂಗೈಯಿಂದ ಮುಂಭಾಗವನ್ನು ಮೇಲಕ್ಕೆ ತಳ್ಳಿ. ಹಣೆ ಬಯಲಾದರೆ ಮುಂದಿನ ಪಟ್ಟಿ ಸಡಿಲ. ಹಿಂಭಾಗವನ್ನು ಮೇಲಕ್ಕೆ ತಳ್ಳಿದಾಗ ಕಣ್ಣಿನ ಮೇಲೆ ಜಾರಿದರೆ ಹಿಂದಿನ ಪಟ್ಟಿ ಸಡಿಲ. ತುರುಬು, ಎತ್ತರದ ಜುಟ್ಟು ಇದ್ದರೆ ಹೆಲ್ಮೆಟ್ ಕೂರುವುದೇ ಇಲ್ಲ, ಜಡೆ ಹೆಣೆದು ಇಳಿಬಿಡಿ. ದುಪಟ್ಟಾ ಹಿಂದಿನ ಚಕ್ರಕ್ಕೆ ಸಿಕ್ಕದಂತೆ ಬ್ಯಾಗಿನೊಳಗಿರಲಿ.

13 ವರ್ಷದೊಳಗಿನ ಮಕ್ಕಳು, ಅವರ ಜೊತೆ ಸವಾರಿ ಮಾಡುವ ದೊಡ್ಡವರು ಫುಟ್‌ಪಾತ್ ಮೇಲೆ ಹೋಗಬಹುದು. ಅಲ್ಲಿ ಅಪಾಯ ಬರುವುದು ಮನೆಗಳಿಂದ ರಿವರ್ಸ್ ಬರುವ ಕಾರಿನಿಂದ. ಎತ್ತರದ ಬೇಲಿಯ ಮನೆ ಬಂದಾಗ ನಿಧಾನಿಸಲು ಮಗುವಿಗೆ ಹೇಳಿಕೊಡಿ. ಕ್ಯಾರಿಯರ್ ಮೇಲೆ ಡಬ್ಬಲ್ ಕೂರಿಸುವಂತಿಲ್ಲ.

ರಸ್ತೆಯಲ್ಲಿ ಕಾರಿನವರು ನಿಮ್ಮಿಂದ 1 ಮೀಟರ್ ಅಂತರ ಬಿಡಬೇಕು, ವೇಗಮಿತಿ 60 ಕಿ.ಮೀ. ಮೀರಿದ ರಸ್ತೆಯಲ್ಲಿ 1.5 ಮೀಟರ್. ಹಾಗೆಂದು ನೀವು ನಿಂತ ಕಾರುಗಳಿಗೆ ಅಂಟಿಕೊಂಡು ಹೋಗಬೇಡಿ. ಯಾರಾದರೂ ಬಾಗಿಲು ತೆರೆದರೆ ಬ್ರೇಕ್ ಹಿಡಿಯಲೂ ಸಮಯ ಸಿಗದು. ಅಲ್ಲೂ ಒಂದು ಮೀಟರ್ ಬಿಡಿ.

ಟ್ರಾಮ್ ಎಂದರೆ ರಸ್ತೆಯಲ್ಲೇ ಓಡುವ ರೈಲಿನಂಥ ಬಂಡಿ. ಅದರ ಹಳಿಯ ಸಂದಿಗೆ ಸೈಕಲ್ ಟೈರು ಸರಿಯಾಗಿ ಹಿಡಿಸುತ್ತದೆ. ಓರೆಯಾಗಿ ದಾಟಿದರೆ ಮುಂದಿನ ಚಕ್ರ ಸಿಕ್ಕಿಕೊಂಡು ಬೀಳುತ್ತೀರಿ, ಮಳೆಯಲ್ಲಂತೂ ಕಬ್ಬಿಣವೇ ಜಾರುತ್ತದೆ. ಆದಷ್ಟೂ ನೇರ ಅಡ್ಡಕ್ಕೆ, ಹಳಿಯ ಮೇಲೆ ಬ್ರೇಕ್ ಹಿಡಿಯದೆ ದಾಟಿ. ಧೈರ್ಯ ಸಾಲದಿದ್ದರೆ ಇಳಿದು ತಳ್ಳಿ, ನಾಚಿಕೆ ಬೇಡ. ರಸ್ತೆಯಲ್ಲೇ ಜನ ಇಳಿಯುವ ಸ್ಟಾಪಿನಲ್ಲಿ ಟ್ರಾಮ್ ಬಾಗಿಲು ತೆರೆದಿದ್ದರೆ ಅದರ ಹಿಂದೆಯೇ ನಿಲ್ಲಿ.

ಬಲಕ್ಕೆ ತಿರುಗಲು ಲೇನುಗಳನ್ನು ದಾಟಿ ನಡುವಿಗೆ ಹೋಗಬೇಕಿಲ್ಲ. ಎಡಬದಿಯಲ್ಲೇ ನೇರ ಸಾಗಿ ಸಿಗ್ನಲ್ಲಿನ ಆಚೆ ಮೂಲೆಯಲ್ಲಿ, ಪಾದಚಾರಿಗಳ ದಾರಿಗೆ ಅಡ್ಡವಾಗದೆ ನಿಲ್ಲಿ. ನೀವು ಸೇರಬೇಕಾದ ರಸ್ತೆಗೆ ಹಸಿರು ಬಂದಾಗ ಹೊರಡಿ. ಇದೇ ಹುಕ್ ಟರ್ನ್. ಬೇಡವೆಂಬ ಫಲಕ ಇಲ್ಲದ ಕಡೆಯೆಲ್ಲ ಸೈಕಲ್ಲಿಗೆ ಇದು ಸಲ್ಲುತ್ತದೆ.

ಬೆಲ್ ಅಥವಾ ಹಾರ್ನ್ ಇರಲೇಬೇಕು. ಕತ್ತಲಲ್ಲಿ ಮುಂದೆ ಬಿಳಿ, ಹಿಂದೆ ಕೆಂಪು ದೀಪ, ಎರಡೂ 200 ಮೀಟರ್ ದೂರಕ್ಕೆ ಕಾಣುವಂಥವು. ಜೊತೆಗೆ ಹಿಂದೆ ಕೆಂಪು ರಿಫ್ಲೆಕ್ಟರ್. ಇಲ್ಲಿ ಜೂನ್ ಎಂದರೆ ಚಳಿಗಾಲ, ಸಂಜೆ ಐದೂಕಾಲಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ದೀಪಗಳನ್ನು ಏಪ್ರಿಲ್‌ನಲ್ಲೇ ಚಾರ್ಜ್ ಮಾಡಿ ನೋಡಿಕೊಳ್ಳಿ.