ಮಳೆಯಂಥ ಸದ್ದಿನಲ್ಲಿ ಮುಳುಗಿದ ಸ್ವರವನ್ನು ಮೇಲೆತ್ತುವುದು ಹೇಗೆ?

ಹೆಂಚಿನ ಮಾಡಿನ ಮೇಲೆ ಮಳೆ ಬಿರುಸಾಗಿ ಸುರಿಯುತ್ತಿದ್ದರೆ ಪಕ್ಕದ ಕೋಣೆಯಲ್ಲಿ ಫೋನು ಬಡಿದುಕೊಂಡರೂ ಕಿವಿಗೆ ಬೀಳುವುದಿಲ್ಲ. ಮಳೆಯ ಸದ್ದಿನಲ್ಲಿ ತಗ್ಗಿನಿಂದ ತಾರದವರೆಗೆ ಎಲ್ಲ ಕಂಪನಾಂಕಗಳೂ ಬೆರೆತಿರುತ್ತವೆ. ಇಂಥ ಸದ್ದನ್ನು ಶಬ್ದವಿಜ್ಞಾನಿಗಳು ಬ್ರಾಡ್‌ಬ್ಯಾಂಡ್ ನಾಯ್ಸ್ ಎನ್ನುತ್ತಾರೆ. ಹಾಗಾದರೆ ಫೋನಿನ ಸದ್ದನ್ನು ಮುಚ್ಚಿಹಾಕುವುದು ಇಡೀ ಮಳೆಯ ಸದ್ದೋ, ಅದರ ಒಂದು ಭಾಗ ಮಾತ್ರವೋ? ಅಮೆರಿಕದ ಬೆಲ್ ಪ್ರಯೋಗಾಲಯದ ಹಾರ್ವಿ ಫ್ಲೆಚರ್ 1940ರಲ್ಲಿ ಇದಕ್ಕೆ ಸ್ಪಷ್ಟವಾದ ಉತ್ತರ ಕೊಟ್ಟರು. ಒಂದು ಸ್ವರದ ಸುತ್ತ ಗದ್ದಲದ ಪಟ್ಟಿಯನ್ನು ಅಗಲಿಸುತ್ತ ಹೋದಂತೆ ಸ್ವರ ಕೇಳಿಸುವುದು ಕಷ್ಟವಾಗುತ್ತದೆ, ಆದರೆ ಒಂದು ಮಿತಿ ದಾಟಿದ ಮೇಲೆ ಎಷ್ಟು ಅಗಲಿಸಿದರೂ ಹೆಚ್ಚಿನ ತೊಂದರೆಯಾಗುವುದಿಲ್ಲ ಎಂಬುದೇ ಆ ಉತ್ತರ. ಅದನ್ನು ತೋರಿಸುವ ಪ್ರಯೋಗದ ಸರಳ ರೂಪವೊಂದನ್ನು ಮನೆಯ ಕಂಪ್ಯೂಟರಿನಲ್ಲಿ ಒಂದು ಗಂಟೆಯೊಳಗೆ ಮಾಡಿ ನೋಡಬಹುದು. ಬೇಕಾಗುವುದು ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್, ನಿಶ್ಶಬ್ದವಾದ ಕೋಣೆ ಮತ್ತು ಉಚಿತವಾಗಿ ಸಿಗುವ ಅಡಾಸಿಟಿ ಎಂಬ ತಂತ್ರಾಂಶ.

ಮೊದಲು ಗದ್ದಲವನ್ನು ತಯಾರಿಸಿಕೊಳ್ಳಬೇಕು. ಸ್ಯಾಂಪಲ್ ದರ 44,100 ಇರಲಿ. ಜನರೇಟ್ ಮೆನುವಿನಲ್ಲಿ ನಾಯ್ಸ್ ಆರಿಸಿ, ಬಗೆಯನ್ನು ವೈಟ್ ಎಂದೂ ಆಂಪ್ಲಿಟ್ಯೂಡನ್ನು 0.2 ಎಂದೂ ಅವಧಿಯನ್ನು 60 ಸೆಕೆಂಡ್ ಎಂದೂ ಕೊಡಿ. ಅದನ್ನು ನುಡಿಸಿ, ಪಕ್ಕದಲ್ಲಿ ಕುಳಿತವರು ಸಹಜ ದನಿಯಲ್ಲಿ ಆಡಿದ ಮಾತಿನಷ್ಟೇ ಗಟ್ಟಿಯಾಗಿ ಕೇಳುವಂತೆ ವಾಲ್ಯೂಮ್ ಹೊಂದಿಸಿದ ಮೇಲೆ ಮತ್ತೆ ಅದನ್ನು ಮುಟ್ಟಬೇಡಿ. ಸ್ವರ ಕೇಳಿಸಲಿಲ್ಲವೆಂದು ವಾಲ್ಯೂಮ್ ಏರಿಸುವುದರಿಂದ ಪ್ರಯೋಗಕ್ಕೆ ಏನೂ ಪ್ರಯೋಜನವಿಲ್ಲ, ಕಿವಿಗೆ ಮಾತ್ರ ಹಾನಿ. ಸ್ವರದ ಜೊತೆಗೆ ಗದ್ದಲವೂ ಅಷ್ಟೇ ಏರುತ್ತದೆ.

ವೈಟ್ ನಾಯ್ಸ್ ಎಂದರೆ ಕಂಪನಾಂಕದ ಪ್ರತಿಯೊಂದು ಹರ್ಟ್ಸ್‌ಗೂ ಸಮನಾದ ಶಕ್ತಿ ಹಂಚಿಕೆಯಾಗಿರುವ ಸದ್ದು. ಅದು ಕಿವಿಗೆ ಚುರುಕಾಗಿ, 'ಸ್ಸ್' ಎಂದು ಕೇಳುವುದಕ್ಕೂ ಇದೇ ಕಾರಣ: 100ರಿಂದ 200 ಹರ್ಟ್ಸ್‌ವರೆಗಿನ ಸ್ಥಾಯಿಯಲ್ಲಿ 100 ಹರ್ಟ್ಸ್ ಮಾತ್ರ ಇದ್ದರೆ, 10,000ದಿಂದ 20,000ದವರೆಗಿನ ಸ್ಥಾಯಿಯಲ್ಲಿ 10,000 ಹರ್ಟ್ಸ್ ತುಂಬಿಕೊಂಡಿರುತ್ತವೆ. ಪಿಂಕ್ ನಾಯ್ಸ್ ಸ್ಥಾಯಿಗೆ 3 ಡೆಸಿಬೆಲ್‌ನಂತೆ ಇಳಿಯುವುದರಿಂದ ದೂರದ ಜಲಪಾತದಂತೆ ಮೆತ್ತಗಿರುತ್ತದೆ. ನಮಗೆ ಇಲ್ಲಿ ವೈಟ್ ಬೇಕು, ಅದರ ಲೆಕ್ಕ ಸುಲಭ. ಎಲೆಕ್ಟ್ರಾನಿಕ್ಸ್‌ನಲ್ಲಿ ಇಂಥ ಗದ್ದಲವನ್ನು ಯಾರೂ ತಯಾರಿಸಬೇಕಾಗಿಲ್ಲ. ಶಾಖದಿಂದಾಗಿ ಎಲೆಕ್ಟ್ರಾನುಗಳು ಸದಾ ಚಡಪಡಿಸುತ್ತಿರುವುದರಿಂದ ಪ್ರತಿಯೊಂದು ರೆಸಿಸ್ಟರಿನಲ್ಲೂ ಅದು ಹುಟ್ಟುತ್ತದೆಂದು ಬೆಲ್ ಪ್ರಯೋಗಾಲಯದವರೇ ಆದ ಜಾನ್ಸನ್ ಅಳೆದು ತೋರಿಸಿದರು, ನೈಕ್ವಿಸ್ಟ್ ಅದರ ಸೂತ್ರ ಕೊಟ್ಟರು. ಎರಡೂ ಪ್ರಬಂಧಗಳು ಪ್ರಕಟವಾದದ್ದು 1928ರಲ್ಲಿ. ಕೋಣೆಯ ಉಷ್ಣತೆಯಲ್ಲಿ ಸುಮ್ಮನೆ ಇಟ್ಟ 10 ಕಿಲೋಓಮ್ ರೆಸಿಸ್ಟರಿನ ತುದಿಗಳ ನಡುವೆ, 20 ಕಿಲೋಹರ್ಟ್ಸ್ ವ್ಯಾಪ್ತಿಯಲ್ಲಿ, ಸುಮಾರು 1.8 ಮೈಕ್ರೋವೋಲ್ಟ್ ಗದ್ದಲವಿರುತ್ತದೆ.

ಈಗ ಸ್ವರ. ಹೊಸ ಟ್ರ್ಯಾಕಿನಲ್ಲಿ 1,000 ಹರ್ಟ್ಸ್‌ನ ಸೈನ್ ಟೋನನ್ನು 0.05 ಆಂಪ್ಲಿಟ್ಯೂಡಿನಲ್ಲಿ ಒಂದು ಸೆಕೆಂಡಿನಷ್ಟು ಹಾಕಿ, ಅದರ ಮುಂದೆ ಒಂದು ಸೆಕೆಂಡ್ ಮೌನ ಸೇರಿಸಿ, ಎರಡನ್ನೂ ರಿಪೀಟ್ ಮಾಡಿ ಒಂದು ನಿಮಿಷ ತುಂಬಿಸಿ. ರಿಪೀಟ್ ಮಾಡುವ ಮೊದಲು ಸ್ವರದ ಆರಂಭದ ಮತ್ತು ಕೊನೆಯ 0.05 ಸೆಕೆಂಡಿಗೆ ಫೇಡ್ ಇನ್, ಫೇಡ್ ಔಟ್ ಕೊಡುವುದನ್ನು ಮರೆಯಬೇಡಿ. ಮೊದಲ ಸಲ ನಾನು ಇದನ್ನು ಬಿಟ್ಟಿದ್ದೆ. ಸ್ವರ ಥಟ್ಟನೆ ಶುರುವಾಗಿ ಥಟ್ಟನೆ ನಿಲ್ಲುವಾಗ 'ಟಿಕ್' ಎಂಬ ಸಣ್ಣ ಸದ್ದು ಹುಟ್ಟುತ್ತದೆ. ಆ ಟಿಕ್ಕಿನಲ್ಲಿ ಬೇರೆ ಕಂಪನಾಂಕಗಳೂ ಇರುವುದರಿಂದ ನಾನು ಸ್ವರವೆಂದು ಎಣಿಸುತ್ತಿದ್ದದ್ದು ಅದರ ಅಂಚುಗಳನ್ನು.

ಎರಡೂ ಟ್ರ್ಯಾಕುಗಳನ್ನು ಒಟ್ಟಿಗೆ ನುಡಿಸಿದರೆ ಸ್ವರ ಸ್ಪಷ್ಟವಾಗಿ ಕೇಳುತ್ತದೆ. ಆಂಪ್ಲಿಫೈ ಬಳಸಿ ಸ್ವರವನ್ನು ಮಾತ್ರ ಪ್ರತಿ ಸಲ 6 ಡೆಸಿಬೆಲ್ ಇಳಿಸಿ. ಎರಡು ಸಲ ಇಳಿಸಿದಾಗ ಅದರ ಶಕ್ತಿ ಒಟ್ಟು ಗದ್ದಲದ ಶಕ್ತಿಯ ನೂರಎಪ್ಪತ್ತನೆಯ ಒಂದು ಪಾಲಿನಷ್ಟಾಗಿರುತ್ತದೆ, ಆದರೂ ಆರೋಗ್ಯವಂತ ಕಿವಿ ಅದನ್ನು ಹಿಡಿಯಬಲ್ಲುದು. ಮೂರನೆಯ ಅಥವಾ ನಾಲ್ಕನೆಯ ಇಳಿತಕ್ಕೆ ಅದು ಮುಳುಗಿಹೋಗುತ್ತದೆ. ಮುಳುಗಿದ ಕೂಡಲೇ ಅಲ್ಲಿಗೆ ನಿಲ್ಲಿಸಿ.

ಇನ್ನು ಗದ್ದಲದಲ್ಲಿ ತೂತು ಕೊರೆಯುವ ಕೆಲಸ. ಗದ್ದಲದ ಟ್ರ್ಯಾಕಿನ ಮೂರು ನಕಲು ಮಾಡಿ, ಮೂಲವನ್ನು ಮ್ಯೂಟ್ ಮಾಡಿ. ಮೊದಲ ನಕಲಿಗೆ 500 ಹರ್ಟ್ಸ್‌ನ ಲೋ-ಪಾಸ್ ಫಿಲ್ಟರ್ (ಅದಕ್ಕಿಂತ ತಗ್ಗಿನ ಸದ್ದನ್ನು ಮಾತ್ರ ಬಿಡುವಂಥದ್ದು), ಎರಡನೆಯದಕ್ಕೆ 1,500 ಹರ್ಟ್ಸ್‌ನ ಹೈ-ಪಾಸ್ ಫಿಲ್ಟರ್ (ಅದಕ್ಕಿಂತ ಮೇಲಿನದನ್ನು ಮಾತ್ರ ಬಿಡುವಂಥದ್ದು) ಹಾಕಿ. ಎರಡರಲ್ಲೂ ರೋಲ್-ಆಫ್ 48 ಡೆಸಿಬೆಲ್ ಇರಲಿ. ಮೂರನೆಯ ನಕಲನ್ನು ಸದ್ಯಕ್ಕೆ ಮ್ಯೂಟ್ ಮಾಡಿ, ಉಳಿದೆರಡನ್ನು ಸ್ವರದೊಂದಿಗೆ ನುಡಿಸಿ. ಗದ್ದಲ ಹರಡಿರುವುದು ಸ್ಯಾಂಪಲ್ ದರದ ಅರ್ಧದವರೆಗೆ. ಆ ಒಟ್ಟು 22,050 ಹರ್ಟ್ಸ್‌ನಲ್ಲಿ ನೀವು ತೆಗೆದದ್ದು ಸುಮಾರು 1,000, ಅಂದರೆ ನೂರಕ್ಕೆ ಐದಕ್ಕಿಂತಲೂ ಕಡಿಮೆ. ಗದ್ದಲ ಹೆಚ್ಚುಕಡಿಮೆ ಮೊದಲಿನಷ್ಟೇ ಇದೆ, ಆದರೆ ಮುಳುಗಿದ್ದ ಸ್ವರ ಎದ್ದು ಬರುತ್ತದೆ.

ಈಗ ಇದಕ್ಕೆ ತದ್ವಿರುದ್ಧವಾಗಿ ಮಾಡಿ. ಆ ಎರಡು ನಕಲುಗಳನ್ನು ಮ್ಯೂಟ್ ಮಾಡಿ, ಮೂರನೆಯದಕ್ಕೆ 500ರ ಹೈ-ಪಾಸ್, ನಂತರ 1,500ರ ಲೋ-ಪಾಸ್ ಹಾಕಿ. ನೂರಕ್ಕೆ ತೊಂಬತ್ತೈದು ಪಾಲು ಗದ್ದಲ ಹೋಗಿದೆ, ಸದ್ದು ಎಷ್ಟೋ ಕಡಿಮೆಯಾಗಿದೆ. ಸ್ವರ ಮಾತ್ರ ಮುಳುಗಿದಲ್ಲೇ ಇದೆ. ನನಗೆ ಇಡೀ ಪ್ರಯೋಗದಲ್ಲಿ ಅತ್ಯಂತ ಬೆರಗು ತಂದದ್ದು ಈ ಗಳಿಗೆ. ಮನೆಯ ಇನ್ನೊಬ್ಬರಿಗೆ ಏನನ್ನೂ ಹೇಳದೆ ಎರಡನ್ನೂ ಕೇಳಿಸಿ, ಸ್ವರ ಎಷ್ಟು ಸಲ ಬಂತೆಂದು ಕೇಳಿ ನೋಡಿ.

ಒಳಗಿವಿಯಲ್ಲಿ ಶಂಖದಂತೆ ಸುರುಳಿ ಸುತ್ತಿಕೊಂಡಿರುವ ಕಾಕ್ಲಿಯಾದೊಳಗಿನ ಪೊರೆ, ಬುಡದಲ್ಲಿ ತಾರ ಸ್ವರಗಳಿಗೂ ತುದಿಯಲ್ಲಿ ಮಂದ್ರ ಸ್ವರಗಳಿಗೂ ಮಿಡಿಯುತ್ತದೆ. ಹೀಗಾಗಿ ಕಿವಿ ಸದ್ದನ್ನು ಒಟ್ಟಾಗಿ ಅಳೆಯದೆ, ಸಾಲಾಗಿ ಜೋಡಿಸಿದ ಕಿಟಕಿಗಳಂಥ ಕಿರಿದಾದ ಪಟ್ಟಿಗಳಲ್ಲಿ ಸೋಸುತ್ತದೆ. 1,000 ಹರ್ಟ್ಸ್ ಬಳಿ ಈ ಪಟ್ಟಿಯ ಅಗಲ ಸುಮಾರು 130ರಿಂದ 160 ಹರ್ಟ್ಸ್ ಎಂದು ನಂತರದ ಅಳತೆಗಳು ಹೇಳುತ್ತವೆ. ಸ್ವರಕ್ಕೆ ಅಡ್ಡಬರುವುದು ಮುಖ್ಯವಾಗಿ ಅದರದೇ ಕಿಟಕಿಯೊಳಗೆ ನುಗ್ಗುವ ಗದ್ದಲ. ಎಂಪಿ3 ಕಡತ ಚಿಕ್ಕದಾಗುವುದೂ ಈ ಗುಣದಿಂದಲೇ, ಗದ್ದಲದಲ್ಲಿ ಮುಳುಗುವಂಥದ್ದನ್ನು ಅದು ಒರಟಾಗಿ ದಾಖಲಿಸುತ್ತದೆ ಅಥವಾ ಬಿಟ್ಟೇಬಿಡುತ್ತದೆ. ಆದ್ದರಿಂದ ನಿಮ್ಮ ಕಡತಗಳನ್ನು ವೇವ್ ರೂಪದಲ್ಲೇ ಉಳಿಸಿ.

ಶ್ರವಣ ತಪಾಸಣೆಯಲ್ಲೂ ಇದೇ ತತ್ತ್ವವಿದೆ. ಒಂದು ಕಿವಿಗೆ ಕೊಟ್ಟ ಸ್ವರ ತಲೆಬುರುಡೆಯ ಮೂಲಕ ಇನ್ನೊಂದು ಕಿವಿಗೆ ದಾಟುವ ಸಂಭವವಿದ್ದಾಗ, ಆ ಕಿವಿಗೆ ಅದೇ ಸ್ವರದ ಆಸುಪಾಸಿನ ಕಿರಿದಾದ ಗದ್ದಲವನ್ನಷ್ಟೇ ಕೊಡುತ್ತಾರೆ. ಕಿವಿತುಂಬ ಗದ್ದಲ ಸುರಿಯುವ ಅಗತ್ಯವಿಲ್ಲ.

ಒಳಗಿವಿಯಲ್ಲಿ ಸದ್ದನ್ನು ಗ್ರಹಿಸುವ ಕೂದಲಕೋಶಗಳು ಹಾಳಾದಾಗ ಈ ಕಿಟಕಿಗಳು ಅಗಲವಾಗಿ, ಬೇಡದ ಗದ್ದಲವೂ ಒಳಗೆ ಬರುತ್ತದೆ. ಮನೆಯಲ್ಲಿ ಮಾತು ಚೆನ್ನಾಗಿಯೇ ಕೇಳುತ್ತದೆ, ಮದುವೆ ಛತ್ರದಲ್ಲಿ ಮಾತ್ರ ಏನೂ ತಿಳಿಯುವುದಿಲ್ಲ ಎಂದು ಹಿರಿಯರು ಹೇಳುವುದಕ್ಕೆ ಇದೊಂದು ದೊಡ್ಡ ಕಾರಣ. ಕೂಗಿ ಹೇಳಿದರೆ ಅವರಿಗೆ ಹೆಚ್ಚಿನ ಸಹಾಯವಾಗದು. ಛತ್ರದ ಮೂಲೆಗೆ ಕರೆದೊಯ್ದು, ಮುಖ ಕಾಣುವಂತೆ ಎದುರು ನಿಂತು ಮಾತನಾಡಬೇಕು. ಈ ಪ್ರಯೋಗದಲ್ಲಿ ತೂತು ಕೊರೆದ ಮೇಲೂ ಅವರಿಗೆ ಸ್ವರ ಕೇಳದಿದ್ದರೆ 500ನ್ನು 300ಕ್ಕೆ ಇಳಿಸಿ, 1,500ನ್ನು 2,500ಕ್ಕೆ ಏರಿಸಿ ನೋಡಿ. ಇದು ತಪಾಸಣೆಗೆ ಬದಲಿಯಲ್ಲ. ಅಷ್ಟಾದರೂ ಕೇಳದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಾಗಲಿ ಹತ್ತಿರದ ಶ್ರವಣತಜ್ಞರಲ್ಲಾಗಲಿ ಅವರನ್ನು ತೋರಿಸಿ, ಗದ್ದಲದ ನಡುವೆ ಮಾತು ತಿಳಿಯುತ್ತಿಲ್ಲ ಎಂಬುದನ್ನು ಅಲ್ಲಿ ಬಿಡಿಸಿ ಹೇಳಿ.