ಹೊಸ ನಿಯಮ ಜಾರಿಯಾಗುವ ಮೊದಲೇ ನಗರಸೇವಕರನ್ನು ಕರೆಸಿ ಕೇಳುವುದು ಹೇಗೆ?

ಮುಂಬೈ ಮಹಾನಗರ ಪಾಲಿಕೆ 2025ರ ಏಪ್ರಿಲ್ 1ರಂದು ಕಸ ಮತ್ತು ಸ್ವಚ್ಛತೆಯ ಹೊಸ ಉಪವಿಧಿಗಳ (ಬೈಲಾಗಳ) ಕರಡನ್ನು ಜನರ ಮುಂದಿಟ್ಟಿತು. 2006ರ ಹಳೆಯ ಉಪವಿಧಿಗಳ ಜಾಗಕ್ಕೆ ಬರಬೇಕಿದ್ದ ನಿಯಮಗಳು ಇವು. ಮನೆಯ ಅಳತೆ ನೋಡಿ ತಿಂಗಳಿಗೆ 100ರಿಂದ 1000 ರೂಪಾಯಿವರೆಗೆ ಕಸದ ಶುಲ್ಕ ಹಾಕುವ ಪ್ರಸ್ತಾಪ ಅದರಲ್ಲಿತ್ತು. ಅಭಿಪ್ರಾಯ ಕಳಿಸಲು ಮೇ 31ರವರೆಗೆ ಸಮಯ ಕೊಟ್ಟಿದ್ದರು.

ಎರಡು ತಿಂಗಳು ಕಡಿಮೆ ಸಮಯವೇನಲ್ಲ. ಆದರೆ ಆಗ ಮುಂಬೈಯಲ್ಲಿ ಒಬ್ಬ ನಗರಸೇವಕರೂ (ಕಾರ್ಪೊರೇಟರ್) ಇರಲಿಲ್ಲ. ಹಿಂದಿನ ಸದಸ್ಯರ ಅವಧಿ 2022ರ ಮಾರ್ಚ್ 7ಕ್ಕೇ ಮುಗಿದಿತ್ತು. ಮುಂದಿನ ಚುನಾವಣೆ ನಡೆದದ್ದು 2026ರ ಜನವರಿ 15ರಂದು. ನಡುವಿನ ಹೆಚ್ಚುಕಡಿಮೆ ನಾಲ್ಕು ವರ್ಷ ಆಡಳಿತಾಧಿಕಾರಿಯೇ ಎಲ್ಲ ನಡೆಸಿದರು. ಕರಡಿನಲ್ಲಿ ಏನಿದೆ ಎಂದು ನಮ್ಮ ಕಟ್ಟಡಕ್ಕೆ ಬಂದು ಹೇಳುವ, ನಮ್ಮ ಮಾತನ್ನು ಪಾಲಿಕೆಯ ಸಭಾಗೃಹಕ್ಕೆ ಒಯ್ಯುವ ಮನುಷ್ಯರೇ ಇರಲಿಲ್ಲ.

ಈಗ 227 ಮಂದಿ ಇದ್ದಾರೆ. ಅವರನ್ನು ಗಟಾರ, ಬೀದಿದೀಪ, ನೀರಿನ ಪ್ರೆಶರ್ ಇಷ್ಟಕ್ಕೇ ಕರೆಯುವುದು ನಮ್ಮ ರೂಢಿ. ಅದೂ ಬೇಕು. ಆದರೆ ಮುಂದಿನ ಹತ್ತಿಪ್ಪತ್ತು ವರ್ಷ ನಮ್ಮ ಜೇಬಿಗೂ ಮನೆಗೂ ತಟ್ಟುವ ನಿಯಮಗಳು ಕರಡಿನ ಹಂತದಲ್ಲಿರುವಾಗ ಅವರನ್ನು ಕೂರಿಸಿ ಕೇಳುವುದು ಅದಕ್ಕಿಂತ ದೊಡ್ಡ ಕೆಲಸ. ಯಾಕೆಂದರೆ ಸಾಮಾನ್ಯ ನಿವಾಸಿಯ ಮಾತನ್ನು ಪಾಲಿಕೆ ಬರಹದಲ್ಲಿ ಕೇಳುವುದು ಆ ಒಂದು ಹಂತದಲ್ಲಿ ಮಾತ್ರ. ನಿಯಮ ಜಾರಿಯಾದ ಮೇಲೆ ಕೋರ್ಟು, ಮೋರ್ಚಾ ಬಿಟ್ಟರೆ ದಾರಿ ಇಲ್ಲ.

ಮೊದಲು ನಿಮ್ಮ ನಂಬರು ತಿಳಿದುಕೊಳ್ಳಿ

ಮುಂಬೈಯಲ್ಲಿ ‘ವಾರ್ಡ್’ ಅಂದರೆ ಎರಡು ಬೇರೆ ಬೇರೆ ವಿಷಯ. ಅಕ್ಷರದ ವಾರ್ಡ್ ಆಡಳಿತಕ್ಕೆ. ಮಾಟುಂಗಾ ಎಫ್ ನಾರ್ತ್, ಚೆಂಬೂರು ಎಂ ವೆಸ್ಟ್, ಭಾಂಡೂಪ್ ಎಸ್, ಮುಲುಂಡ್ ಟಿ. ಅಲ್ಲಿ ಕೂರುವವರು ಅಧಿಕಾರಿಗಳು, ಅವರ ಮೇಲೆ ಸಹಾಯಕ ಆಯುಕ್ತರು. ನಂಬರಿನ ಪ್ರಭಾಗ ಚುನಾವಣೆಗೆ, 1ರಿಂದ 227ರವರೆಗೆ. ಒಂದು ಅಕ್ಷರದ ವಾರ್ಡಿನೊಳಗೆ ಹಲವು ಪ್ರಭಾಗಗಳಿರುತ್ತವೆ. ನಗರಸೇವಕರು ಸಿಗುವುದು ನಂಬರಿನಿಂದ. ಒಂದೇ ರಸ್ತೆಯ ಈ ಬದಿಗೆ ಒಬ್ಬರು, ಆ ಬದಿಗೆ ಇನ್ನೊಬ್ಬರು ಇರಬಹುದು. ಹಾಗಾಗಿ ಪಕ್ಕದ ಸೊಸೈಟಿಯವರನ್ನು ಕೇಳಿ ಸುಮ್ನೆ ನಂಬಬೇಡಿ. ಮತದಾರರ ಪಟ್ಟಿಯಲ್ಲಿ ನಿಮ್ಮ ಪ್ರಭಾಗದ ನಂಬರು ಇದೆ. ಗೊತ್ತಾಗದಿದ್ದರೆ ವಾರ್ಡ್ ಆಫೀಸಿನಲ್ಲಿ ವಿಳಾಸ ಹೇಳಿ ಕೇಳಿ.

ಕರಡು ಹುಡುಕಿ, ಅದು ಯಾರ ಕೈಯಲ್ಲಿದೆ ನೋಡಿ

ಪಾಲಿಕೆ ಹೊಸ ನಿಯಮದ ಸೂಚನೆಯನ್ನು ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ, ಪತ್ರಿಕೆಗಳಲ್ಲಿ ಜಾಹೀರ್ ಸೂಚನಾ (ಸಾರ್ವಜನಿಕ ಪ್ರಕಟಣೆ) ಕೊಡುತ್ತದೆ. ‘ಹರಕತಿ ವ ಸೂಚನಾ’ ಎಂಬ ಮಾತು ಕಂಡರೆ ಅಲ್ಲಿ ನಿಲ್ಲಿ. ಆಕ್ಷೇಪ ಮತ್ತು ಸಲಹೆ ಕರೆದಿದ್ದಾರೆ ಅಂತ ಅರ್ಥ. ಕೊನೆಯ ದಿನಾಂಕ ಅಲ್ಲೇ ಇರುತ್ತದೆ. ಪ್ರತಿ ಕರಡಿಗೂ ಗಡುವು ಬೇರೆ, ಹಾಗಾಗಿ ಮೊದಲು ಅದನ್ನೇ ಬರೆದಿಟ್ಟುಕೊಳ್ಳಿ.

ಅದಾದ ಮೇಲೆ ಒಂದು ಪ್ರಶ್ನೆ: ಈ ನಿಯಮವನ್ನು ಬದಲಿಸುವ ಅಧಿಕಾರ ಯಾರಿಗಿದೆ? ಇದನ್ನು ಬಿಟ್ಟು ಮುಂದೆ ಹೋದರೆ ಸಭೆಯೂ ಪತ್ರವೂ ವ್ಯರ್ಥ.

ಪಾಲಿಕೆಯ ಸ್ವಂತ ಉಪವಿಧಿಗಳು 1888ರ ಮುಂಬೈ ಮಹಾನಗರ ಪಾಲಿಕೆ ಕಾಯ್ದೆಯಡಿ ಬರುತ್ತವೆ. ಇವುಗಳಲ್ಲಿ ನಗರಸೇವಕರ ಮಾತು ನೇರವಾಗಿ ನಡೆಯುತ್ತದೆ. ಅಭಿವೃದ್ಧಿ ಯೋಜನೆಯ ಬದಲಾವಣೆಗಳು 1966ರ ರಾಜ್ಯ ನಗರ ಯೋಜನಾ ಕಾಯ್ದೆಯಡಿ ಬರುತ್ತವೆ. ಮೈದಾನಕ್ಕೆ ಮೀಸಲಿಟ್ಟ ಜಾಗ ಏನಾಗುತ್ತದೆ, ರಸ್ತೆ ಎಷ್ಟು ಅಗಲ ಅನ್ನುವುದೆಲ್ಲ ಅಲ್ಲಿ. ಇನ್ನು ಕೆಲವು ಪೂರ್ತಿ ರಾಜ್ಯದ ಕಾನೂನುಗಳು. ಅಂಗಡಿ, ಹೋಟೆಲುಗಳ ಬೋರ್ಡಿನಲ್ಲಿ ಮರಾಠಿ ಅಕ್ಷರ ಎದ್ದು ಕಾಣಬೇಕು ಎಂಬ 2022ರ ತಿದ್ದುಪಡಿ ರಾಜ್ಯದ್ದು. ತಪಾಸಣೆಗೆ ಬರುವವರು ಮಾತ್ರ ಪಾಲಿಕೆಯವರು. ನಮ್ಮ ಹೋಟೆಲ್‌ನವರು ಇಂಥದ್ದಕ್ಕೆ ನಗರಸೇವಕರ ಹತ್ತಿರ ಓಡಿದರೆ ಅವರು ಹೆಚ್ಚೆಂದರೆ ಸಮಯ ಕೊಡಿಸಲು ಪ್ರಯತ್ನಿಸಬಹುದು. ನಿಯಮದ ಮಾತಿಗೆ ಶಾಸಕರ ಹತ್ತಿರ ಹೋಗಬೇಕು.

ಎರಡೂ ಕೂಡಿದ ಉದಾಹರಣೆಯೂ ಇದೆ. 500 ಚದರ ಅಡಿವರೆಗಿನ ಮನೆಗಳಿಗೆ ಆಸ್ತಿ ತೆರಿಗೆ ಬೇಡ ಎಂದು ಪಾಲಿಕೆಯ ಸಭಾಗೃಹ 2017ರಲ್ಲಿ ಠರಾವು ಮಾಡಿತು. ಪೂರ್ತಿ ಮಾಫಿ ಕೈಗೆ ಬಂದದ್ದು ರಾಜ್ಯ ಸರ್ಕಾರ ಒಪ್ಪಿದ ಮೇಲೆ, 2022ರಲ್ಲಿ. ಠರಾವು ಅಂದರೆ ಕೆಲಸ ಮುಗಿಯಿತು ಅಂತಲ್ಲ, ನೆನಪಿರಲಿ.

ಕರಡನ್ನು ನಿಮ್ಮ ಮನೆಯ ಲೆಕ್ಕದಲ್ಲಿ ಓದಿ

ಪೂರ್ತಿ ಓದಲು ಕೂತರೆ ಬೇಸರ ಬರುತ್ತದೆ. ಹಣ, ದಂಡ, ಅಳತೆ, ದಿನಾಂಕ, ಈ ನಾಲ್ಕು ಇರುವ ಸಾಲುಗಳನ್ನು ಮೊದಲು ಹುಡುಕಿ. ಅಲ್ಲಿ ನಿಮ್ಮ ಮನೆಯ ಅಂಕಿ ಇಟ್ಟು ನೋಡಿ.

2025ರ ಕಸದ ಕರಡನ್ನೇ ತೆಗೆದುಕೊಳ್ಳೋಣ. 50 ಚದರ ಮೀಟರ್‌ವರೆಗಿನ ಮನೆಗೆ 100 ರೂಪಾಯಿ. 50ರಿಂದ 300 ಚದರ ಮೀಟರ್‌ಗೆ 500. ಅದಕ್ಕಿಂತ ದೊಡ್ಡದಕ್ಕೆ 1000. ನೋಡಲು ಸರಿಯಾಗಿದೆ ಅನಿಸುತ್ತದೆ, ಅಲ್ವಾ? ಈಗ ಅಡಿ ಲೆಕ್ಕಕ್ಕೆ ತನ್ನಿ. 50 ಚದರ ಮೀಟರ್ ಅಂದರೆ ಸುಮಾರು 538 ಚದರ ಅಡಿ. 300 ಅಂದರೆ ಸುಮಾರು 3,229. ಅಂದರೆ ಭಾಂಡೂಪಿನ 530 ಅಡಿಯ ಮನೆಗೆ 100 ರೂಪಾಯಿ. ಅದೇ ಮಾಳಿಗೆಯ 545 ಅಡಿಯ ಮನೆಗೆ 500. ಹದಿನೈದು ಅಡಿಗೆ ಐದು ಪಟ್ಟು! ಇನ್ನೊಂದು ಕಡೆ, ಸಮುದ್ರ ಕಾಣುವ 3,200 ಅಡಿಯ ಫ್ಲಾಟಿಗೂ ಅದೇ 500. ಮಧ್ಯಮ ವರ್ಗದ ಒಂದು ಬೆಡ್‌ರೂಮಿನ ಮನೆಯೂ ಸಿರಿವಂತರ ಮನೆಯೂ ಒಂದೇ ಸಾಲಿನಲ್ಲಿ. ಇದು ಸರಿಯಲ್ಲ ಎಂದು ನನಗನ್ನಿಸುತ್ತದೆ. ಕರಡನ್ನು ಮೀಟರಿನಲ್ಲೇ ಓದಿ ಬಿಟ್ಟವರಿಗೆ ಇದು ಕಾಣುವುದೇ ಇಲ್ಲ.

ಹೀಗೆ ಓದಿದ ಮೇಲೆ ನಿಮ್ಮ ಹತ್ತಿರ ಎರಡೋ ಮೂರೋ ಗಟ್ಟಿ ಪ್ರಶ್ನೆಗಳು ಉಳಿಯುತ್ತವೆ. ಸಭೆಗೆ ಅಷ್ಟು ಸಾಕು.

ಸಭೆ ಕರೆಯಿರಿ

ಗಡುವಿಗೆ ಕನಿಷ್ಠ ಹದಿನೈದು ದಿನ ಮೊದಲೇ ಇಟ್ಟುಕೊಳ್ಳಿ. ಒಂದೇ ಸೊಸೈಟಿ ಕರೆದರೆ ನಗರಸೇವಕರು ಬರುವುದು ಕಷ್ಟ. ಅಕ್ಕಪಕ್ಕದ ನಾಲ್ಕೈದು ಸೊಸೈಟಿಗಳು, ಇದ್ದರೆ ಒಂದು ಚಾಳ್, ಎರಡು ಅಂಗಡಿಯವರು ಸೇರಿ ಲೆಟರ್‌ಹೆಡ್ಡಿನಲ್ಲಿ ಪತ್ರ ಕೊಡಿ. ಪತ್ರದಲ್ಲಿ ಕರಡಿನ ಹೆಸರು, ಗಡುವು, ನಿಮ್ಮ ಮೂರು ಪ್ರಶ್ನೆ ಇರಲಿ. ಮೊದಲೇ ಪ್ರಶ್ನೆ ಗೊತ್ತಿದ್ದರೆ ಅವರೂ ವಿಚಾರಿಸಿಕೊಂಡು ಬರುತ್ತಾರೆ. ವಾರ್ಡಿನ ಸಂಬಂಧಪಟ್ಟ ಅಧಿಕಾರಿಯನ್ನೂ ಜೊತೆಗೆ ಕರೆತರಲು ಕೇಳಿಕೊಳ್ಳಿ.

ಜಾಗಕ್ಕೆ ನಮ್ಮ ಸಂಘಗಳಿವೆ. ಮುಂಬೈಯಲ್ಲಿ ಕನ್ನಡಿಗರು ಕಟ್ಟಿದ ಸಭಾಂಗಣಗಳಿಗೆ ಕೊರತೆಯಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದ್ದು, ಕರ್ನಾಟಕ ಸಂಘ 1933ರದ್ದು. ನಾಟಕ, ಯಕ್ಷಗಾನ, ದತ್ತಿ ಉಪನ್ಯಾಸಕ್ಕೆ ತೆರೆಯುವ ಬಾಗಿಲು ಇಂಥ ಸಭೆಗೂ ತೆರೆಯಲಿ ಎಂಬುದು ನನ್ನ ಆಸೆ. ಒಂದು ಮಾತು ಮಾತ್ರ ಕೇಳಿಕೊಳ್ಳುತ್ತೇನೆ. ನಗರಸೇವಕರು ಬಂದರೆಂದು ಪ್ರಾರ್ಥನೆ, ಸ್ವಾಗತ, ಶಾಲು, ಹಾರ, ಪರಿಚಯ ಭಾಷಣ ಅಂತ ಮುಕ್ಕಾಲು ಗಂಟೆ ಕಳೆಯಬೇಡಿ. ಅವರ ಹತ್ತಿರ ಇರುವುದೇ ಒಂದು ಗಂಟೆ. ಹೂವು ಕೊಟ್ಟು ಕೂರಿಸಿ, ನೇರ ವಿಷಯಕ್ಕೆ ಬನ್ನಿ.

ಕೇಳಬೇಕಾದದ್ದು ಇವು. ಕರಡಿನಲ್ಲಿ ಯಾವುದು ಮೇಲಿನಿಂದ ಬಂದದ್ದು, ಯಾವುದು ಪಾಲಿಕೆಯೇ ಸೇರಿಸಿದ್ದು? ಈ ಪ್ರಶ್ನೆ ಬಹಳ ಮುಖ್ಯ. ಕಸಕ್ಕೆ ಬಳಕೆದಾರರ ಶುಲ್ಕ ಎಂಬ ಮಾತು ಕೇಂದ್ರ ಸರ್ಕಾರದ 2016ರ ನಿಯಮಗಳಲ್ಲಿತ್ತು. ‘ಶುಲ್ಕವೇ ಬೇಡ’ ಎಂದು ಬರೆದರೆ ‘ಕೇಂದ್ರದ ನಿಯಮ’ ಎಂದು ಉತ್ತರ ಕೊಟ್ಟು ಕೈತೊಳೆದುಕೊಳ್ಳುವುದು ಸುಲಭ. ಆದರೆ 50ರಿಂದ 300 ಚದರ ಮೀಟರ್ ಎಂಬ ಹಂತವನ್ನು ಗೀಚಿದ್ದು ಪಾಲಿಕೆ. ಅದನ್ನು ಒಡೆಯಲು ಪಾಲಿಕೆಗೇ ಆಗುತ್ತದೆ. ಎಲ್ಲಿ ಬಾಗಿಲಿದೆಯೋ ಅಲ್ಲಿ ತಟ್ಟಿ.

ಮುಂದಿನದು, ಇದು ಯಾವ ಸಮಿತಿಯ ಮುಂದೆ, ಯಾವಾಗ ಬರುತ್ತದೆ? ಆ ಸಮಿತಿಯಲ್ಲಿ ನೀವಿದ್ದೀರಾ? ಇಲ್ಲದಿದ್ದರೆ ಇರುವವರಿಗೆ ನಮ್ಮ ಮಾತು ಮುಟ್ಟಿಸುತ್ತೀರಾ? ಕೊನೆಗೆ, ನಿಮ್ಮ ನಿಲುವು ಏನು? ಇದನ್ನು ಗೌರವದಿಂದ, ಆದರೆ ಎಲ್ಲರೆದುರು ಕೇಳಿ. ‘ನೋಡೋಣ’ ಅಂದರೆ ಯಾವಾಗ ತಿಳಿಸುತ್ತೀರಿ ಎಂದು ದಿನಾಂಕ ಕೇಳಿ ಬರೆದುಕೊಳ್ಳಿ.

ಮಾತು ಮರಾಠಿಯಲ್ಲಿ ನಡೆಯುತ್ತದೆ. ನಮ್ಮ ಹಿರಿಯರಿಗೆ ಮಾರ್ಕೆಟ್ಟಿನ ಮರಾಠಿ ಚೆನ್ನಾಗಿ ಬರುತ್ತದೆ, ಸರ್ಕಾರಿ ಮರಾಠಿ ಬರುವುದಿಲ್ಲ. ಇಲ್ಲೇ ಶಾಲೆ ಕಲಿತ ಹುಡುಗ ಹುಡುಗಿಯರಲ್ಲಿ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿ, ಹತ್ತು ನಿಮಿಷಕ್ಕೊಮ್ಮೆ ಕನ್ನಡದಲ್ಲೋ ತುಳುವಿನಲ್ಲೋ ಸಾರಾಂಶ ಹೇಳಿಸಿ. ಹಿಂದಿನ ಸಾಲಿನಲ್ಲಿ ಕೂತ ಅಜ್ಜಿಯಂದಿರೂ ಆಮೇಲೆ ಪ್ರಶ್ನೆ ಕೇಳುತ್ತಾರೆ.

ಹರಕತ್ (ಆಕ್ಷೇಪ) ಬರೆದು ಕೊಡಿ

ಸಭೆಯಲ್ಲಿ ಆಡಿದ ಮಾತಿಗೆ ಲೆಕ್ಕವಿಲ್ಲ. ಕಾಗದಕ್ಕೆ ಇದೆ. ಪತ್ರ ಮರಾಠಿಯಲ್ಲಿದ್ದರೆ ಒಳ್ಳೆಯದು. ಒಂದು ಪುಟ ಸಾಕು. ಕರಡಿನ ಹೆಸರು, ಕಲಮಿನ ನಂಬರು, ತೊಂದರೆ ಏನು, ಬದಲಿಗೆ ಏನು ಇರಬೇಕು, ಇಷ್ಟೇ. ಕೊನೆಯದನ್ನು ಜನ ಬಿಟ್ಟುಬಿಡುತ್ತಾರೆ. ವಿರೋಧ ಬರೆಯುತ್ತಾರೆ, ಬದಲಿ ಬರೆಯುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ಹೀಗೆ ಬರೆಯಬಹುದಿತ್ತು:

‘ಶುಲ್ಕದ ಪಟ್ಟಿಯಲ್ಲಿ 50ರಿಂದ 300 ಚದರ ಮೀಟರ್‌ವರೆಗೆ ಒಂದೇ ದರವಿದೆ. 545 ಚದರ ಅಡಿಯ ಮನೆಗೂ 3,200 ಚದರ ಅಡಿಯ ಮನೆಗೂ 500 ರೂಪಾಯಿ ಆಗುತ್ತದೆ. ಈ ಹಂತವನ್ನು 50ರಿಂದ 75, 75ರಿಂದ 150, 150ರಿಂದ 300 ಎಂದು ಮೂರಾಗಿ ಒಡೆದು, ಮೊದಲ ಹಂತಕ್ಕೆ ಕಡಿಮೆ ದರ ಇಡಬೇಕು.’

ಒಂದೇ ಪತ್ರಕ್ಕೆ ನೂರು ಸಹಿ ಹಾಕಿಸುವುದಕ್ಕಿಂತ ಬೇರೆ ಬೇರೆ ಮನೆಯವರು ತಮ್ಮದೇ ಮಾತಿನಲ್ಲಿ ಬರೆದರೆ ಜಾಸ್ತಿ ತೂಕ ಎಂದು ನಾನು ನಂಬುತ್ತೇನೆ. ಸೂಚನೆಯಲ್ಲಿ ಹೇಳಿದ ವಿಳಾಸಕ್ಕೇ ಕೊಡಿ. ಕೈಯಲ್ಲಿ ಕೊಟ್ಟರೆ ಇನ್‌ವರ್ಡ್ ಮಾಡಿಸಿ (ಬಂದ ಪತ್ರಗಳ ದಾಖಲೆಗೆ ಸೇರಿಸಿ), ನಿಮ್ಮ ಪ್ರತಿಯ ಮೇಲೆ ಶಿಕ್ಕಾ (ಮೊಹರು), ನಂಬರು, ದಿನಾಂಕ ಹಾಕಿಸಿಕೊಳ್ಳಿ. ಇಮೇಲ್ ಆದರೆ ಕಳಿಸಿದ್ದನ್ನು ಪ್ರಿಂಟ್ ತೆಗೆದಿಡಿ. ಒಂದು ಪ್ರತಿ ನಗರಸೇವಕರಿಗೆ ಕೊಡಿ. ಸುನಾವಣಿಗೆ (ವಿಚಾರಣೆಗೆ) ಕರೆದರೆ ಖಂಡಿತ ಹೋಗಿ.

ಇದರಿಂದ ಏನಾಗುತ್ತದೆ ಎಂದು ಕೇಳುವವರಿಗೆ 2015 ನೆನಪಿಸಬೇಕು. ಆ ವರ್ಷ ಫೆಬ್ರವರಿಯಲ್ಲಿ ಮುಂಬೈಯ ಮುಂದಿನ ಇಪ್ಪತ್ತು ವರ್ಷದ ಅಭಿವೃದ್ಧಿ ಯೋಜನೆಯ ಕರಡು ಬಂತು. ತಪ್ಪುಗಳು ತುಂಬಿದ್ದವು. ಜನ ಸಾವಿರಾರು ಸಂಖ್ಯೆಯಲ್ಲಿ ಹರಕತ್ ಕೊಟ್ಟರು. ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಆ ಕರಡನ್ನೇ ಬಿಟ್ಟು ಹೊಸದಾಗಿ ಮಾಡಲು ಹೇಳಿತು. ತಿದ್ದಿದ ಕರಡು 2016ರಲ್ಲಿ ಬಂತು, 2018ರಲ್ಲಿ ಮಂಜೂರಾಯಿತು.

ಬೆನ್ನು ಹತ್ತಿ

ಸಭಾಗೃಹ ಒಪ್ಪಿದ ಉಪವಿಧಿ ರಾಜ್ಯ ಸರ್ಕಾರಕ್ಕೆ ಹೋಗಬೇಕು. ಅಲ್ಲಿ ಮಂಜೂರಾಗಿ ರಾಜಪತ್ರದಲ್ಲಿ ಬಂದ ಮೇಲೆಯೇ ಜಾರಿ. ಹಾಗಾಗಿ ‘ಪಾಸಾಯಿತು’ ಎಂಬ ಸುದ್ದಿ ಓದಿ ಗಾಬರಿಯಾಗಬೇಡಿ, ಮರೆಯಲೂಬೇಡಿ. ತಿಂಗಳಿಗೊಮ್ಮೆ ನಗರಸೇವಕರ ಆಫೀಸಿಗೆ ಫೋನ್ ಮಾಡಿ ಎಲ್ಲಿಗೆ ಬಂತು ಎಂದು ಕೇಳಿ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಮಹಾರಾಷ್ಟ್ರದಲ್ಲಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಅರ್ಜಿ 150 ಪದದೊಳಗೆ, ಒಂದೇ ವಿಷಯದ ಮೇಲೆ ಇರಬೇಕು. ‘ನಮ್ಮ ಇಂಥ ಇನ್‌ವರ್ಡ್ ನಂಬರಿನ ಹರಕತಿನ ಮೇಲೆ ಏನು ನಿರ್ಣಯ ಬರೆದಿದ್ದೀರಿ, ಅದರ ಪ್ರತಿ ಕೊಡಿ’ ಎಂದು ಕೇಳಿದರೆ ಸಾಕು. ಶಿಕ್ಕಾ ಹಾಕಿಸಿಕೊಳ್ಳಿ ಎಂದದ್ದು ಇದಕ್ಕೇ.

ಡೊಂಬಿವಲಿ, ಠಾಣೆ, ನವಿ ಮುಂಬೈಯಲ್ಲಿ ಇರುವವರಿಗೂ ಹೆಜ್ಜೆಗಳು ಇವೇ. ಅಲ್ಲಿನ ಪಾಲಿಕೆಗಳು ನಡೆಯುವುದು 1949ರ ಮಹಾರಾಷ್ಟ್ರ ಮಹಾನಗರ ಪಾಲಿಕೆ ಕಾಯ್ದೆಯಡಿ. ಅಲ್ಲಿ ಬಹುಪಾಲು ಪ್ರಭಾಗಗಳಿಗೆ ಒಬ್ಬರ ಬದಲು ನಾಲ್ವರು ನಗರಸೇವಕರು ಇರುತ್ತಾರೆ. ನಾಲ್ವರಿಗೂ ಪತ್ರ ಕೊಡಿ, ಒಂದೇ ದಿನ ಕರೆಯಿರಿ.