ತೊಗರಿ ಸುಗ್ಗಿಗೆ ತಾವಾಗಿಯೇ ಕ್ಲಸ್ಟರ್ ಸೇರುವ ಸರ್ವರ್‌ಗಳು

ಕಲಬುರಗಿ ಮಾರುಕಟ್ಟೆಗೆ ಹೊಸ ತೊಗರಿಯ ಆವಕ ಏರುವುದು ಡಿಸೆಂಬರ್ ಕೊನೆಯಿಂದ. ಆಗ ನಾನು ನೋಡಿಕೊಳ್ಳುವ ಧಾರಣೆ ಮಾಹಿತಿ ಸೇವೆಗೆ ಬೆಳಗಿನ ವಹಿವಾಟಿನ ಹೊತ್ತಿನಲ್ಲಿ ಜನ ಮುಗಿಬೀಳುತ್ತಾರೆ, ಸಂಜೆಗೆ ಹೇಳಕೇಳುವವರಿರುವುದಿಲ್ಲ. ಈ ಕೆಲವು ಗಂಟೆಗಳಿಗಾಗಿ ವರ್ಷವಿಡೀ ಹೆಚ್ಚುವರಿ ಸರ್ವರ್‌ಗಳ ಬಾಡಿಗೆ ಕಟ್ಟುವುದು ನಮ್ಮಂಥ ಸಣ್ಣ ಸಂಸ್ಥೆಗೆ ಆಗದ ಮಾತು. ನಮ್ಮ ಸರ್ವರ್‌ಗಳಿರುವ ಅಮೆಜಾನ್ ಕ್ಲೌಡ್‌ನಲ್ಲಿ, ಯಂತ್ರಗಳ ಸಂಖ್ಯೆಯನ್ನು ಏರಿಸಿ ಇಳಿಸುವ ಆಟೊ ಸ್ಕೇಲಿಂಗ್ ಗುಂಪಿಗೆ ಎಷ್ಟು ಯಂತ್ರ ಬೇಕೆಂದು ಹೇಳಿದರೆ ಅಷ್ಟೂ ಎದ್ದು ನಿಲ್ಲುತ್ತವೆ, ನಿಜ. ಆದರೆ ಹಾಗೆ ಎದ್ದ ಯಂತ್ರಕ್ಕೆ ನಮ್ಮ ಕುಬರ್ನೆಟಿಸ್ ಕ್ಲಸ್ಟರ್ (ಹಲವು ಸರ್ವರ್‌ಗಳನ್ನು ಒಂದಾಗಿ ನಡೆಸುವ ವ್ಯವಸ್ಥೆ) ಎಲ್ಲಿದೆಯೆಂದು ಗೊತ್ತಿರುವುದಿಲ್ಲ, ಕ್ಲಸ್ಟರ್‌ಗೆ ಆ ಯಂತ್ರ ಯಾರದೆಂದು ಗೊತ್ತಿರುವುದಿಲ್ಲ. ಮೊದಲೆಲ್ಲ ನಾನೇ ಲಾಗಿನ್ ಆಗಿ, ಕ್ಲಸ್ಟರ್ ಕಟ್ಟುವ ಸಾಧನವಾದ ಕ್ಯೂಬ್‌ಅಡ್ಮಿನ್‌ನ ಜಾಯಿನ್ ಆದೇಶ ಕೊಟ್ಟು ಒಂದೊಂದನ್ನೇ ಸೇರಿಸುತ್ತಿದ್ದೆ.

ಕುಬರ್ನೆಟಿಸನ್ನು ಅಮೆಜಾನೇ ನಡೆಸಿಕೊಡುವ ಇಕೆಎಸ್ ಸೇವೆ ತೆಗೆದುಕೊಂಡರೆ ಈ ತಲೆನೋವೇ ಇಲ್ಲ ಎನ್ನುವವರಿದ್ದಾರೆ. ಸರಿಯೇ. ಆದರೆ ಅದಕ್ಕೆ ಕ್ಲಸ್ಟರ್ ಒಂದಕ್ಕೆ ಗಂಟೆಗೆ 0.10 ಡಾಲರ್, ಅಂದರೆ ತಿಂಗಳಿಗೆ ಸುಮಾರು 73 ಡಾಲರ್ ಶುಲ್ಕ, ಯಂತ್ರಗಳ ಬಾಡಿಗೆ ಬೇರೆ. ನಮ್ಮ ಲೆಕ್ಕಕ್ಕೆ ಅದು ಹೊರೆ. 2022ರಲ್ಲಿ ಹೈದರಾಬಾದ್‌ನಲ್ಲೂ ಅಮೆಜಾನ್‌ನ ದತ್ತಾಂಶ ವಲಯ ಶುರುವಾಯಿತು. ನಮಗೆ ಅದೇ ಹತ್ತಿರ. ಆದರೂ ಹಳೆಯ ದತ್ತಾಂಶವೆಲ್ಲ ಮುಂಬೈ ವಲಯದಲ್ಲಿದ್ದುದರಿಂದ ಅಲ್ಲಿಯೇ ಉಳಿದೆ.

ವಿಳಾಸದ ಸಮಸ್ಯೆ ಬೇಗ ಬಗೆಹರಿಯಿತು. ಕ್ಲಸ್ಟರನ್ನು ಆಳುವ ನಿಯಂತ್ರಣ ಸರ್ವರ್‌ಗಳ ಮುಂದೆ, ಬಂದ ಕೋರಿಕೆಗಳನ್ನು ಅವುಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಇಟ್ಟು, ಅದಕ್ಕೊಂದು ಖಾಸಗಿ ಡಿಎನ್‌ಎಸ್ ಹೆಸರು ಕೊಟ್ಟೆ. ಹೊಸ ಯಂತ್ರ ಹುಡುಕುವುದು ಆ ಹೆಸರನ್ನು, 6443ನೇ ಪೋರ್ಟ್‌ನಲ್ಲಿ. ಅದರ ಹಿಂದಿರುವ ಸರ್ವರ್ ಬದಲಾದರೂ ಹೆಸರು ಬದಲಾಗುವುದಿಲ್ಲ.

ಕಷ್ಟವಿದ್ದದ್ದು ನಂಬಿಕೆಯ ಪ್ರಶ್ನೆಯಲ್ಲಿ. ಸೇರಲು ಟೋಕನ್ ಎಂಬ ಗುಪ್ತಪದ ಬೇಕು: ಆರು ಅಕ್ಷರ, ಒಂದು ಚುಕ್ಕಿ, ಮತ್ತೆ ಹದಿನಾರು ಅಕ್ಷರ. ಎಪಿಎಂಸಿ ಗೇಟಿನ ಚೀಟಿಯ ಹಾಗೆ ಅದಕ್ಕೂ ಅವಧಿಯಿದೆ. ನಾವು ಬೇರೆ ಹೇಳದಿದ್ದರೆ 24 ಗಂಟೆ. ಅವಧಿಯೇ ಇಲ್ಲದ ಟೋಕನ್ ಮಾಡಿ, ಯಂತ್ರ ಎದ್ದಾಗ ಓಡುವ ಯೂಸರ್ ಡೇಟಾ ಸ್ಕ್ರಿಪ್ಟ್‌ನಲ್ಲಿ ಬರೆದಿಟ್ಟುಬಿಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಸ್ಕ್ರಿಪ್ಟನ್ನು ಯಂತ್ರದ ಒಳಗಿನಿಂದ 169.254.169.254 ಎಂಬ ವಿಳಾಸದಲ್ಲಿರುವ ಮೆಟಾಡೇಟಾ ಸೇವೆಯನ್ನು (ಯಂತ್ರಕ್ಕೆ ತನ್ನದೇ ವಿವರ ಹೇಳುವ ಸೇವೆ) ಕೇಳಿ ಯಾರು ಬೇಕಾದರೂ ಓದಬಹುದು. ಬಿಗಿ ಮಾಡದಿದ್ದರೆ ಅಲ್ಲಿ ಓಡುತ್ತಿರುವ ಕಂಟೇನರ್ (ಪ್ರತ್ಯೇಕ ಆವರಣದಲ್ಲಿ ಓಡುವ ತಂತ್ರಾಂಶ) ಕೂಡ.

ನಾನು ಮಾಡಿದ್ದು ಹೀಗೆ. ನಿಯಂತ್ರಣ ಸರ್ವರ್‌ನಲ್ಲಿ ಕ್ರಾನ್ ಎಂಬ ವೇಳಾಪಟ್ಟಿ ಸಾಧನದ ಒಂದು ಕೆಲಸ ಅರ್ಧ ಗಂಟೆಗೊಮ್ಮೆ ಹೊಸ ಟೋಕನ್ ಹುಟ್ಟಿಸಿ, ಗೂಢಲಿಪೀಕರಿಸಿ ಅಮೆಜಾನ್‌ನ ಸಂಗ್ರಹವಾದ ಪ್ಯಾರಾಮೀಟರ್ ಸ್ಟೋರ್‌ನಲ್ಲಿ ಇಡುತ್ತದೆ. ಅದರ ಆಯುಸ್ಸು ಒಂದು ಗಂಟೆ. ಹಾಗಾಗಿ ಯಾವ ಕ್ಷಣದಲ್ಲಿ ಯಂತ್ರ ಎದ್ದರೂ ಕನಿಷ್ಠ ಅರ್ಧ ಗಂಟೆ ಬಾಳುವ ಟೋಕನ್ ಕೈಗೆ ಸಿಗುತ್ತದೆ. ಹೊಸ ಯಂತ್ರಕ್ಕೆ ಕೊಟ್ಟ ಐಎಎಂ ಪಾತ್ರಕ್ಕೆ (ಅಮೆಜಾನ್‌ನಲ್ಲಿ ಯಾರು ಏನು ಮಾಡಬಹುದೆಂಬ ಅನುಮತಿ) ಅದನ್ನು ಓದುವ ಹಕ್ಕಿದೆ, ಬರೆಯುವ ಹಕ್ಕಿಲ್ಲ. ಮೆಟಾಡೇಟಾ ಸೇವೆಯ ಎರಡನೆಯ ಆವೃತ್ತಿಯನ್ನು ಕಡ್ಡಾಯ ಮಾಡಿ, ಅದರ ಉತ್ತರ ಎಷ್ಟು ಹೆಜ್ಜೆ ದಾಟಬಹುದೆಂಬ ಹಾಪ್ ಮಿತಿಯನ್ನು 1ಕ್ಕೆ ಇಳಿಸಿದರೆ ಸಾಮಾನ್ಯ ಕಂಟೇನರ್‌ಗಳಿಗೆ ಆ ಬಾಗಿಲೂ ಮುಚ್ಚುತ್ತದೆ. ಯಂತ್ರವೂ ತಾನು ಸೇರುತ್ತಿರುವುದು ನಮ್ಮ ಕ್ಲಸ್ಟರನ್ನೇ ಎಂದು ಖಚಿತ ಮಾಡಿಕೊಳ್ಳಬೇಕಲ್ಲ. ಅದಕ್ಕಾಗಿ ಕ್ಲಸ್ಟರಿನ ಪ್ರಮಾಣಪತ್ರದ ಹ್ಯಾಶನ್ನು (ಬೆರಳಚ್ಚಿನಂಥ ಗುರುತು) ಜೊತೆಗೇ ಕೊಡುತ್ತೇನೆ. ಆ ಪರಿಶೀಲನೆಯನ್ನು ಬಿಟ್ಟುಬಿಡುವ ಆಯ್ಕೆಯೊಂದಿದೆ, ಅದನ್ನು ಮುಟ್ಟುವುದಿಲ್ಲ.

ಟೋಕನ್ ಸತ್ತರೆ ಸೇರಿದ ಯಂತ್ರ ಹೊರಬೀಳುತ್ತದೆಯೇ ಎಂದು ಜೊತೆಯ ಹುಡುಗರು ಕೇಳುತ್ತಾರೆ. ಇಲ್ಲ. ಟೋಕನ್ ಮೊದಲ ಭೇಟಿಗೆ ಮಾತ್ರ. ಆಮೇಲೆ ಆ ಯಂತ್ರದಲ್ಲಿ ಕ್ಲಸ್ಟರಿನ ಪರವಾಗಿ ಓಡುವ ಕ್ಯೂಬ್‌ಲೆಟ್‌ಗೆ ತನ್ನದೇ ಪ್ರಮಾಣಪತ್ರ ಸಿಗುತ್ತದೆ.

ಒಂದು ವಿಚಿತ್ರ ಮಾತ್ರ ನನ್ನನ್ನು ಬಹಳ ಸತಾಯಿಸಿತು. ಯಂತ್ರ ಸೇರಿತ್ತು, ಪಟ್ಟಿಯಲ್ಲಿ ರೆಡಿ ಎಂದೇ ತೋರಿಸುತ್ತಿತ್ತು, ಆದರೂ ಒಂದೇ ಒಂದು ಪಾಡ್ (ಕಂಟೇನರ್‌ಗಳ ಗುಂಪು) ಅದರ ಮೇಲೆ ಬಂದು ಕೂರುತ್ತಿರಲಿಲ್ಲ. ನೋಡ್‌ನ (ಕ್ಲಸ್ಟರ್ ಸೇರಿದ ಯಂತ್ರದ) ವಿವರ ತೆಗೆಸಿ ನೋಡಿದರೆ 'ಅನ್‌ಇನಿಶಿಯಲೈಸ್ಡ್' ಎಂಬ ಟೇಂಟ್ (ಪಾಡ್‌ಗಳನ್ನು ದೂರವಿಡುವ ಗುರುತು) ಅಂಟಿಕೊಂಡಿತ್ತು. ಬಾಹ್ಯ ಕ್ಲೌಡ್ ಪೂರೈಕೆದಾರರಿದ್ದಾರೆಂದು ಕ್ಯೂಬ್‌ಲೆಟ್‌ಗೆ ಹೇಳಿದರೆ ನೋಡ್ ಈ ಟೇಂಟ್ ಹಾಕಿಕೊಂಡೇ ಹುಟ್ಟುತ್ತದೆ; ಅಮೆಜಾನ್ ಜೊತೆ ಮಾತಾಡುವ ಕ್ಲಸ್ಟರಿನ ಭಾಗವಾದ ಕ್ಲೌಡ್ ಕಂಟ್ರೋಲರ್ ಮ್ಯಾನೇಜರ್ ಬಂದು ಯಂತ್ರವನ್ನು ಗುರುತಿಸಿ ಅದನ್ನು ಕಿತ್ತುಹಾಕಬೇಕು. ನೋಡ್‌ನ ಹೆಸರು ಅಮೆಜಾನ್ ಕೊಟ್ಟ ಖಾಸಗಿ ಹೆಸರಿಗೆ ಹೊಂದದ ಕಾರಣ ಆ ಮ್ಯಾನೇಜರ್‌ಗೆ ಗುರುತೇ ಸಿಕ್ಕಿರಲಿಲ್ಲ. ಹೆಸರನ್ನು ಮೆಟಾಡೇಟಾದಿಂದಲೇ ಓದಿ ಕೊಡುವ ಒಂದು ಸಾಲನ್ನು ಸ್ಕ್ರಿಪ್ಟ್‌ಗೆ ಸೇರಿಸಿದ ಮೇಲೆ ಟೇಂಟ್ ತಾನಾಗಿ ಹೋಯಿತು.

ಯಂತ್ರ ಎದ್ದ ಮೇಲೆ ಪ್ಯಾಕೇಜ್ ಇಳಿಸಿಕೊಳ್ಳುತ್ತಾ ಕೂರಬಾರದೆಂದು ಕಂಟೇನರ್ ಓಡಿಸುವ ಕಂಟೇನರ್‌ಡಿ, ಕ್ಯೂಬ್‌ಲೆಟ್ ಎರಡನ್ನೂ ಮೊದಲೇ ಯಂತ್ರದ ಅಚ್ಚಾದ ಇಮೇಜ್‌ನಲ್ಲಿ ತುಂಬಿಟ್ಟಿದ್ದೇನೆ. ದಟ್ಟಣೆ ಬಂದ ಮೇಲೆ ಹೆಚ್ಚಿಸುವ ಗೋಜೂ ನನಗೆ ಹಿಡಿಸಲಿಲ್ಲ. ವಹಿವಾಟಿನ ಸಮಯ ಗೊತ್ತೇ ಇರುವಾಗ ಕಾಯುವುದೇಕೆ? ಆಟೊ ಸ್ಕೇಲಿಂಗ್ ಗುಂಪಿಗೆ ವೇಳಾಪಟ್ಟಿ ಹಾಕಿದ್ದೇನೆ. ಅಲ್ಲಿ ಸಮಯವಲಯ ಹೇಳದಿದ್ದರೆ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದು ಲೆಕ್ಕ, ನಮ್ಮ ಬೆಳಗಿನ 9 ಗಂಟೆ ಅದಕ್ಕೆ 3:30.

ಸೇರಿಸುವುದಕ್ಕಿಂತ ಬೀಳ್ಕೊಡುವುದಕ್ಕೆ ಹೆಚ್ಚು ನಯ ಬೇಕಾಯಿತು. ಯಂತ್ರವನ್ನು ಹಾಗೆಯೇ ಕಿತ್ತರೆ ಅದರ ಮೇಲಿನ ಪಾಡ್‌ಗಳು ಉತ್ತರವನ್ನು ಅರ್ಧಕ್ಕೇ ಬಿಟ್ಟು ಸಾಯುತ್ತವೆ. ಅತ್ತ ವ್ಯಾಪಾರಿಯ ಮೊಬೈಲ್‌ನಲ್ಲಿ ಧಾರಣೆಯ ಜಾಗ ಖಾಲಿ. ಹಾಗಾಗಿ ಮುಗಿಸುವ ಮುನ್ನ ತಡೆಯುವ ಲೈಫ್‌ಸೈಕಲ್ ಹುಕ್ ಹಾಕಿದೆ. ಅದರ ಪೂರ್ವನಿಗದಿತ ಕಾಯುವಿಕೆ 3600 ಸೆಕೆಂಡ್, ನಮಗೆ 300 ಸಾಕು. ಆ ಅವಧಿಯಲ್ಲಿ ನೋಡ್ ಟರ್ಮಿನೇಷನ್ ಹ್ಯಾಂಡ್ಲರ್ ಎಂಬ ಸಾಧನ ಹೊಸ ಪಾಡ್‌ಗಳನ್ನು ತಡೆದು, ಇದ್ದವನ್ನು ಬೇರೆಡೆಗೆ ಸಾಗಿಸುತ್ತದೆ. ಯಂತ್ರ ಅಳಿದ ಮೇಲೆ ಅದರ ಹೆಸರನ್ನು ಕ್ಲೌಡ್ ಕಂಟ್ರೋಲರ್ ಮ್ಯಾನೇಜರ್ ಪಟ್ಟಿಯಿಂದ ತೆಗೆಯುತ್ತದೆ.